ಕೈಗುಣ

ಮಾರ್ಚ್ 14, 2020, ಶನಿವಾರ

ಯುಗಾದಿ ಊಟ ರದ್ದಾಯಿತು. ಶಾಲೆಯವರು ಹಾಲ್ ಕೊಡುವುದಿಲ್ಲವಂತೆ. ನಮ್ಮ ಕನ್ನಡ ಬಳಗದ ಅಧ್ಯಕ್ಷ ಶ್ರೀಹರ್ಷ ಫೋನ್ ಮಾಡಿ, "ಅಂಕಲ್, ಎಲ್ಲಾ ಕ್ಯಾನ್ಸಲ್. ರಾಫಲ್ ಏನ್ ಮಾಡೋಣ?" ಎಂದ.

"ಮಾಡೋದೇನು, ನಿಂತಿತು" ಎಂದೆ.

ಹನ್ನೊಂದು ವರ್ಷದಿಂದ ಆ ರಾಫಲ್ ನನ್ನ ಜವಾಬ್ದಾರಿ. ನ್ಯೂಯಾರ್ಕಿನ ಪಕ್ಕದ ಈ ಊರಿನಲ್ಲಿ ಧರ್ಮಕಾರ್ಯಕ್ಕೇ ಆದರೂ ಲಾಟರಿ ಎತ್ತಬೇಕೆಂದರೆ ಟೌನ್‌ಶಿಪ್‌ನ, ಅಂದರೆ ಇಲ್ಲಿನ ಪುರಸಭೆಯ, ಲೈಸೆನ್ಸ್ ಬೇಕು. ಕೊಂಡವರು ತಮ್ಮ ಕೈಯಲ್ಲೇ ಚೀಟಿಯ ಮೇಲೆ ಹೆಸರು ಬರೆಯಬೇಕು. ಎತ್ತುವಾಗ ಬಳಗದ ಮೂವರು ಸುತ್ತ ನಿಂತಿರಬೇಕು. ಎತ್ತಿದವನು ಓದುವಂತಿಲ್ಲ, ಪಕ್ಕದವನು ಓದಬೇಕು. ಇದರಲ್ಲಿ ಒಂದು ಎಳೆ ತಪ್ಪಿದರೂ ನಾನು ಬಿಡುವವನಲ್ಲ. ಬೆನ್ನ ಹಿಂದೆ ನನ್ನನ್ನು ರೂಲ್ಸ್ ಮೂರ್ತಿ ಅನ್ನುತ್ತಾರೆ. ಅನ್ನಲಿ. ಮೂವತ್ತು ವರ್ಷ ಈ ರಾಜ್ಯದ ಸೇತುವೆಗಳ ಅಡಿಯಲ್ಲಿ ತೆವಳಿ, ಬಿರುಕು ಅಳೆದು, ರಿಪೋರ್ಟಿಗೆ ಸಹಿ ಹಾಕಿದವನು ನಾನು. ಒಂದು ಸಹಿಯೂ ಸುಳ್ಳಲ್ಲ.

ಈ ಡೈರಿ ರಾಜಿ ತಂದುಕೊಟ್ಟದ್ದು. "ರಿಟೈರ್ ಆದಾಗಿಂದ ದಿನಾ ನನಗೆ ರಿಪೋರ್ಟ್ ಒಪ್ಪಿಸ್ತೀರಿ. ಇನ್ಮೇಲೆ ಇದಕ್ಕೆ ಒಪ್ಪಿಸಿ" ಎಂದಳು. ಹೆಂಡತಿಯ ಆಜ್ಞೆ.

ಏಪ್ರಿಲ್ 9, ಗುರುವಾರ

ಹೆಚ್ಚುಕಡಿಮೆ ನಾಲ್ಕು ವಾರದಿಂದ ಬರೆದಿಲ್ಲ. ಬರೆಯುವುದೇನಿತ್ತು? ಹಗಲೆಲ್ಲ ಆಂಬುಲೆನ್ಸ್ ಸದ್ದು. ಬದನೆಕಾಯಿಯನ್ನೂ ಸೋಪು ಹಾಕಿ ತೊಳೆಯುತ್ತಿದ್ದೇವೆ. ಶ್ರೀಹರ್ಷನ ಹೆಂಡತಿ ಹರ್ಷಿತಾ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿಯವರು ಊಟಕ್ಕೆ ಹೊರಗೆ ಹೋಗಲಾಗದೆ ಚಿಪ್ಸ್ ತಿಂದುಕೊಂಡು ಹನ್ನೆರಡು ಗಂಟೆ ದುಡಿಯುತ್ತಿದ್ದಾರಂತೆ. ಅವರಿಗೆ ದಿನಾ ಬಿಸಿಯೂಟ ಕಳಿಸಬೇಕೆಂದು ಬಳಗ ತೀರ್ಮಾನಿಸಿತು. ದುಡ್ಡೆಲ್ಲಿಂದ? ರಾಫಲ್‌ನಿಂದ.

ಸರಿಯಾಗಿ ಅದೇ ಹೊತ್ತಿಗೆ ಟೌನ್‌ಶಿಪ್‌ನಿಂದ ಪತ್ರ ಬಂತು. ಆರೋಗ್ಯದ ತುರ್ತು ಪರಿಸ್ಥಿತಿ ಮುಗಿಯುವವರೆಗೆ ಧರ್ಮಾರ್ಥ ಲಾಟರಿಗಳ ನಿಯಮ ಸಡಿಲ. ಚೀಟಿಯನ್ನು ಫೋನಿನಲ್ಲಿ ಮಾರಬಹುದು, ಕೊಂಡವರ ಪರವಾಗಿ ಮಾರಿದವರೇ ಹೆಸರು ಬರೆಯಬಹುದು. ಜನ ಸೇರಬೇಕಾಗಿಲ್ಲ, ಮೂವರು ನಿಲ್ಲಬೇಕಾಗಿಲ್ಲ. ಒಬ್ಬನೇ ಮನೆಯಲ್ಲಿ ವಿಡಿಯೊ ಮುಂದೆ ಕೂತು ಎತ್ತಿ, ಓದಿ, ಚೀಟಿಯನ್ನು ಕ್ಯಾಮೆರಾಗೆ ತೋರಿಸಿದರೆ ಸಾಕು.

ಎರಡು ಸಲ ಓದಿದೆ. ಸಡಿಲಿಸಿದ ಬೋಲ್ಟನ್ನು ನಾನು ಯಾವತ್ತೂ ನಂಬಿದವನಲ್ಲ. "ಬೇರೆ ಯಾರ ಕೈಗಾದರೂ ಇದು ಸಿಕ್ಕಿದ್ದರೆ ಏನಾಗ್ತಿತ್ತೋ! ನಾನಿದ್ದೀನಲ್ಲ, ಅದೇ ಪುಣ್ಯ" ಎಂದೆ. ರಾಜಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಕೇಳಿಸಲಿಲ್ಲವೋ ಏನೋ.

ಏಪ್ರಿಲ್ 22, ಬುಧವಾರ

ಹತ್ತು ದಿನದಿಂದ ಫೋನು ಕಿವಿಗೆ ಅಂಟಿಕೊಂಡಿದೆ. ಚೀಟಿಗೆ ಇಪ್ಪತ್ತು ಡಾಲರ್, ಒಟ್ಟು ಮುನ್ನೂರು ಚೀಟಿ. ಬಂದ ಹಣದಲ್ಲಿ ಅರ್ಧ ನರ್ಸ್‌ಗಳ ಊಟಕ್ಕೆ, ಅರ್ಧ ಗೆದ್ದವರಿಗೆ. ಎಲ್ಲರ ಹೆಸರನ್ನೂ ನಾನೇ ಕನ್ನಡದಲ್ಲಿ, ದುಂಡಗೆ ಬರೆಯುತ್ತಿದ್ದೇನೆ.

ಓಲ್ಡ್ ಬ್ರಿಡ್ಜ್ ಊರಿನ ದರ್ಶನ್ ಅವರ ತಾಯಿ ಲಕ್ಷ್ಮಮ್ಮನವರು ಒಂದೇ ಒಂದು ಕೊಂಡರು. ಎಂಬತ್ತೆರಡು ವರ್ಷ. ಫೆಬ್ರವರಿಯಲ್ಲಿ ಮಗನನ್ನು ನೋಡಲು ಮಂಡ್ಯದಿಂದ ಬಂದವರು, ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದಾರೆ. "ಮಾಸ್ಕ್ ಹೊಲಿದುಕೊಟ್ಟೆ ಅಂತ ಪಕ್ಕದ ಮನೆ ಬಿಳಿ ಹೆಂಗಸು ಇಪ್ಪತ್ತು ಡಾಲರ್ ಕೊಟ್ಟಳು ಕಣಪ್ಪ. ನನ್ನ ದುಡ್ಡು, ಮಗನದ್ದಲ್ಲ. ಒಂದು ಚೀಟಿ ಬರಿ" ಎಂದರು.

ಸಂಜೆ ಮೈಕ್ ಸೆಟ್ ಇಸಾಕ್ ಫೋನ್ ಮಾಡಿದ. ಮೈಸೂರಿನ ಮಂಡಿ ಮೊಹಲ್ಲಾದವನು, ಹ್ಯಾರಿಸನ್‌ನಲ್ಲಿ ಮನೆ. ಇಲ್ಲಿ ಕನ್ನಡದವರ ನಾಮಕರಣವಿರಲಿ, ರಾಜ್ಯೋತ್ಸವವಿರಲಿ, ಮೈಕು ಅವನದೇ. ಈಗ ಸಮಾರಂಭವೇ ಇಲ್ಲ, ಕೆಲಸವೂ ಇಲ್ಲ. ಆ ವ್ಯಾನಿನಲ್ಲೇ ನಮ್ಮ ಊಟದ ಡಬ್ಬಿಗಳನ್ನು ಪುಕ್ಕಟೆ ಆಸ್ಪತ್ರೆಗೆ ಸಾಗಿಸುತ್ತಿದ್ದಾನೆ.

"ಮೂರ್ತಿ ಸಾರ್, ನೂರು ಡಾಲರ್ ಕಳಿಸಿದೀನಿ, ನರ್ಸ್‌ಗಳ ಊಟಕ್ಕೆ. ಚೀಟಿ ಮಾತ್ರ ಬೇಡ ಸಾರ್. ನಮ್ಮಲ್ಲಿ ಲಾಟರಿ ಹರಾಮು. ರಂಜಾನ್ ಬೇರೆ ಶುರುವಾಗ್ತಿದೆ" ಎಂದ.

"ಆಯ್ತು ಇಸಾಕ್, ಡೊನೇಷನ್ ಅಂತ್ಲೇ ಬರ್ಕೋತೀನಿ" ಎಂದೆ.

ಆದರೆ ಅವನು ಕಳಿಸಿದ್ದು ರಾಫಲ್ ಖಾತೆಗೆ. ಅದನ್ನು ಡೊನೇಷನ್ ಖಾತೆಗೆ ದಾಟಿಸಲು ಇನ್ನೊಂದು ಫಾರಂ, ಇನ್ನೊಬ್ಬರ ಸಹಿ. ಇತ್ತ ಮುನ್ನೂರರಲ್ಲಿ ಐದು ಚೀಟಿ ಉಳಿದಿತ್ತು. ಐದಿಪ್ಪತ್ತಲೆ ನೂರು. ಐದರ ಮೇಲೂ ಇಸಾಕ್ ಎಂದು ಬರೆದುಬಿಟ್ಟೆ. ಲೆಕ್ಕ ಸರಿಹೋಯಿತು. ಮುನ್ನೂರರಲ್ಲಿ ಐದು, ಬರುವುದುಂಟೇ!

ಏಪ್ರಿಲ್ 26, ಭಾನುವಾರ

ಚೀಟಿ ಎತ್ತಿದ್ದಾಯಿತು. ಲಕ್ಷ್ಮಮ್ಮನವರಿಗೆ ಬಂತು. ಎಲ್ಲರಿಗೂ ಸಂತೋಷ. ತಲೆನೋವು.

ಏಪ್ರಿಲ್ 27, ಸೋಮವಾರ

ನಿನ್ನೆ ಬರೆದದ್ದನ್ನು ಓದಿದೆ. ನನ್ನ ಡೈರಿಗೇ ನಾನು ಸುಳ್ಳು ಬರೆದಿದ್ದೇನೆ.

ನಡೆದದ್ದು ಹೀಗೆ. ರಾಫಲ್‌ನ ಡ್ರಮ್ಮು ಶಾಲೆಯ ಉಗ್ರಾಣದಲ್ಲಿ ಉಳಿದಿತ್ತು. ಪುಳಿಯೋಗರೆ ಕಲಸುವ ದೊಡ್ಡ ಕೊಳದಪ್ಪಲೆಗೆ ಚೀಟಿಗಳನ್ನು ಸುರಿದೆವು. ಊಟದ ಮೇಜಿನ ಹಿಂದೆ ನಾನು ಪಂಚೆ ಶಲ್ಯದಲ್ಲಿ ಕೂತೆ, ರಾಜಿ ಎದುರಿಗೆ ಫೋನು ಹಿಡಿದು ನಿಂತಳು. ಝೂಮ್‌ನಲ್ಲಿ ನೂರ ನಲವತ್ತು ಮನೆ. "ಮುನ್ನೂರಕ್ಕೆ ಮುನ್ನೂರೂ ಮಾರಿದ್ದೇವೆ. ಬಳಗದ ಇತಿಹಾಸದಲ್ಲೇ ಮೊದಲು" ಎಂದು ಘೋಷಿಸಿದೆ. ಚಪ್ಪಾಳೆಯ ಗುರುತುಗಳು ಪರದೆ ತುಂಬ ಹಾರಿದವು. ಕಣ್ಣು ಮುಚ್ಚಿ, ಕೈಯಾಡಿಸಿ, ಒಂದನ್ನು ಎತ್ತಿದೆ.

ಇಸಾಕ್.

ನನ್ನದೇ ಅಕ್ಷರ, ದುಂಡಗೆ.

ಅವನೂ ಆ ಕರೆಯಲ್ಲಿದ್ದ. ಎಲ್ಲರ ಮನೆಯ ಮೈಕು ಸರಿಮಾಡುವುದು ಝೂಮ್‌ನಲ್ಲೂ ಅವನ ಕೆಲಸವೇ. ತಲೆಗೆ ಟೋಪಿ ಹಾಕಿಕೊಂಡು, ಇಫ್ತಾರ್‌ಗೆ ಇನ್ನೂ ಹೊತ್ತಿದೆ ಎಂಬಂತೆ ಸುಮ್ಮನೆ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಜಕಿಯಾ. ರಂಜಾನ್ ತಿಂಗಳಲ್ಲಿ ಲಾಟರಿ ಗೆದ್ದ ಎಂದು ನಾನು ಅವನ ಹೆಸರು ಕೂಗಿದರೆ, ಅವನ ಜನರ ಮುಂದೆ ಅವನ ಗತಿ ಏನು? ವಿಡಿಯೊ ನಿಮಿಷದಲ್ಲಿ ಎಲ್ಲ ಕಡೆ ಹೋಗುತ್ತದೆ. ಪರದೆಯ ಮೊದಲ ಚೌಕದಲ್ಲಿ ಲಕ್ಷ್ಮಮ್ಮ ಕ್ಯಾಮೆರಾಗೆ ಮೂಗು ತಾಗುವಷ್ಟು ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿ, "ಲಕ್ಷ್ಮಮ್ಮನವರು, ಓಲ್ಡ್ ಬ್ರಿಡ್ಜ್" ಎಂದಿತು.

ಶ್ರೀಹರ್ಷ, "ಅಂಕಲ್, ಚೀಟಿ ಒಂದ್ಸಲ ಕ್ಯಾಮೆರಾಗೆ ತೋರಿಸಿ" ಎಂದ. ತೋರಿಸಿದೆ. ಹೆಬ್ಬೆರಳು ಹೆಸರಿನ ಮೇಲಿತ್ತು.

ಇನ್ನೊಬ್ಬರ ಮರ್ಯಾದೆ ಉಳಿಸಲು ಆಡಿದ ಸುಳ್ಳು ಸುಳ್ಳಲ್ಲ ಎಂದು ಬೆಳಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅವನಂತೂ ಆ ದುಡ್ಡು ಮುಟ್ಟುತ್ತಿರಲಿಲ್ಲ. ಮುದುಕಿಗಾದರೂ ಹೋಯಿತು.

ಮೇ 3, ಭಾನುವಾರ

ಟೌನ್‌ಶಿಪ್‌ಗೆ ವರದಿ ಕಳಿಸಬೇಕು, ಗೆದ್ದ ಚೀಟಿಯನ್ನು ಲಗತ್ತಿಸಿ. ಕೊಳದಪ್ಪಲೆಯಲ್ಲಿ ಲಕ್ಷ್ಮಮ್ಮನವರ ಚೀಟಿಯನ್ನು ಹುಡುಕಿದೆ. ಇನ್ನೂರು ಚೀಟಿ ತಡಕಿದ ಮೇಲೆ ಸಿಕ್ಕಿತು. ಅದನ್ನೇ ಪಿನ್ ಮಾಡಿ, ಕೆಳಗೆ ಸಹಿ ಹಾಕಿದೆ. 'ಮೇಲಿನದೆಲ್ಲ ನನ್ನ ಅರಿವಿನ ಮಟ್ಟಿಗೆ ಸತ್ಯ' ಎಂದು ಅಚ್ಚಾಗಿತ್ತು.

ಇಸಾಕನ ಚೀಟಿಯನ್ನು ಹರಿಯಲು ಹೋದೆ. ಆಗಲಿಲ್ಲ. ಈ ಡೈರಿಯ ಕೊನೆಯ ಹಾಳೆಗೆ ಸಿಕ್ಕಿಸಿದ್ದೇನೆ.

ಮಾರ್ಚ್‌ನಲ್ಲಿ ಸಹಿಯ ಬಗ್ಗೆ ಬರೆದದ್ದನ್ನು ಹೊಡೆದುಹಾಕಬೇಕೆನ್ನಿಸಿತು. ಹೊಡೆದರೂ ಓದಲು ಬರುತ್ತದೆ, ಬಿಟ್ಟೆ.

ಮೇ 11, ಸೋಮವಾರ

ನನಗೀಗ ಹೊಸ ಬಿರುದು. ಕೈಗುಣದ ಮೂರ್ತಿ.

ಶುರುಮಾಡಿದ್ದು ಲಕ್ಷ್ಮಮ್ಮ. ದಿನಾ ಬೆಳಗ್ಗೆ ಎಂಟಕ್ಕೆ ಫೋನು. "ಮೂರ್ತಿ, ಕಾಫಿ ಆಯ್ತಾ? ನಿನ್ನ ಕೈಗುಣ ಕಣಪ್ಪ! ಮುನ್ನೂರು ಚೀಟಿಯಲ್ಲಿ ನಂದು ಒಂದೇ ಒಂದಿತ್ತು. ಅದನ್ನೇ ನಿನ್ನ ಕೈ ಹುಡುಕ್ಕೊಂಡು ಬಂತಲ್ಲ!" ಹೌದು ತಾಯಿ, ಕೈ ಹುಡುಕಿತು, ಒಂದು ವಾರ ತಡವಾಗಿ.

ಅದು ವಾಟ್ಸಾಪಿಗೆ ಹತ್ತಿತು. ನಿನ್ನೆ ತನುಶ್ರೀ ಎಂಬ ಹುಡುಗಿ ತನ್ನ ಗ್ರೀನ್ ಕಾರ್ಡ್ ಅರ್ಜಿಯ ಲಕೋಟೆಯನ್ನು ನಮ್ಮ ಮೆಟ್ಟಿಲ ಮೇಲಿಟ್ಟು, ಕಾರಿನಲ್ಲೇ ಕೂತು, "ಅಂಕಲ್, ಪ್ಲೀಸ್, ನಿಮ್ಮ ಕೈಯಿಂದಾನೇ ಪೋಸ್ಟ್ ಮಾಡಿ" ಎಂದು ಕೂಗಿದಳು. ಹಾಕಿದೆ. ಪಾಪ, ಆ ಅರ್ಜಿಗೆ ನನ್ನ ಕೈ ತಾಗಿದೆ. ಅದರ ಗತಿ ದೇವರಿಗೇ ಗೊತ್ತು. ಇನ್ನೊಬ್ಬರು ಹೊಸ ಮನೆಯ ಬೀಗದ ಕೈಯನ್ನು ನನ್ನಿಂದ ಮುಟ್ಟಿಸಿಕೊಂಡು ಹೋದರು. ಆಮೇಲೆ ಅದನ್ನು ಸ್ಯಾನಿಟೈಸರ್‌ನಲ್ಲಿ ಒರೆಸಿಕೊಂಡರು, ಅದು ಬೇರೆ ವಿಷಯ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಅನ್ನುತ್ತಿಲ್ಲ, ಹೊಗಳುತ್ತಿದ್ದಾರೆ. ನಾನು ಅದಕ್ಕೂ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ.

ಮೇ 24, ಭಾನುವಾರ

ಇವತ್ತು ಈದ್. ಮಧ್ಯಾಹ್ನ ಬಾಗಿಲ ಬೆಲ್ಲು. ತೆಗೆಯುವ ಹೊತ್ತಿಗೆ ಇಸಾಕ್ ಅಷ್ಟು ದೂರ ಹೋಗಿ ವ್ಯಾನಿನ ಪಕ್ಕ ನಿಂತಿದ್ದ. ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿ, ಒಳಗೆ ಶೀರ್ ಖುರ್ಮಾ.

"ಜಕಿಯಾ ಮಾಡಿದ್ಲು ಸಾರ್. ಮೇಡಮ್‌ಗೆ ಇಷ್ಟ ಅಲ್ವಾ! ಈ ಸಲ ಎಲ್ಲರ ಮನೆಗೂ ಕೊಡಕ್ಕಾಗಲಿಲ್ಲ, ಹಾಲು ಡ್ರೈಫ್ರೂಟ್ಸ್ ಎಲ್ಲಾ ರೇಟು. ನಾಲ್ಕೇ ಮನೆ."

ನಾಲ್ಕೇ ಮನೆ. ಅದರಲ್ಲಿ ನಮ್ಮದೂ ಒಂದು.

"ಈದ್ ಮುಬಾರಕ್ ಇಸಾಕ್. ಕೆಲಸ ಏನಾದ್ರೂ...?" ಎಂದೆ.

"ದಿನಸಿ ಡೆಲಿವರಿ ಮಾಡ್ತಿದೀನಿ ಸಾರ್. ಎರಡು ತಿಂಗಳ ಬಾಡಿಗೆ ನಿಂತಿದೆ. ಆಗತ್ತೆ ಬಿಡಿ" ಎಂದು ಕೈಯೆತ್ತಿ ಹೊರಟುಹೋದ.

ರಾಜಿ ಎರಡು ಬಟ್ಟಲಿಗೆ ಹಾಕಿಟ್ಟಳು. ನಾನು ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ನೆಪ ಹೇಳಿದೆ.

"ಸಕ್ಕರೆ ಇದ್ರೂ ಮೊನ್ನೆ ಹೋಳಿಗೆ ಮೂರು ತಿಂದ್ರಿ" ಎಂದಳು. ಆಮೇಲೆ ಚಮಚ ಕೆಳಗಿಟ್ಟು, "ಅವತ್ತು ಫೋನು ಹಿಡಿದಿದ್ದು ನಾನು. ನೀವು ಬೆರಳು ಇಡೋ ಮುಂಚೆ ನನಗೆ ಕಂಡಿತ್ತು. ನಿಮ್ಮ ಅಕ್ಷರ ನನಗೆ ಗೊತ್ತಿಲ್ವಾ?" ಎಂದಳು.

ನಾಲ್ಕು ವಾರ ಇವಳು ಸುಮ್ಮನಿದ್ದಳು! ನನಗೆ ಸಿಟ್ಟು ಬಂತು. "ನಾನು ಮಾಡಿದ್ದು ಇಸಾಕ್ ಮರ್ಯಾದೆ ಉಳಿಸಕ್ಕೆ" ಎಂದು ಗಟ್ಟಿಯಾಗೇ ಹೇಳಿದೆ.

"ಅವರು ಚೀಟಿ ಬೇಡ ಅಂದಿದ್ರು. ಅವರ ಹೆಸರು ಓದಿದ್ರೆ, ಅಲ್ಲೇ ಮೈಕ್ ಆನ್ ಮಾಡಿ, ನಾನು ಕೊಂಡೇ ಇಲ್ಲ ಅಂತಿದ್ರು. ಆಗ ಆ ಹೆಸರು ಬರೆದೋರು ಯಾರು ಅಂತ ಎಲ್ಲರೂ ಕೇಳ್ತಿದ್ರು. ಉಳಿದಿದ್ದು ಯಾರ ಮರ್ಯಾದೆ?"

ಎದ್ದು ಗರಾಜಿಗೆ ಹೋಗಿ ಬಹಳ ಹೊತ್ತು ಸುತ್ತಿಗೆ, ಮೊಳೆಗಳನ್ನು ಸರಿಯಾಗಿ ಜೋಡಿಸಿದೆ. ಮೊದಲೇ ಸರಿಯಾಗಿದ್ದವು.

ಜೂನ್ 6, ಶನಿವಾರ

ಲಕ್ಷ್ಮಮ್ಮನವರಿಗೆ ಬೆಂಗಳೂರಿನ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಗೆದ್ದ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡಿದ್ದಾರೆ. ಹೊರಡುವ ಮುಂಚೆ ನಾನು ಬರಲೇಬೇಕೆಂದು ಹಟ. ರಾಜಿ ಬರಲಿಲ್ಲ. "ನೀವೇ ಹೋಗಿಬನ್ನಿ" ಎಂದಳು.

ಓಲ್ಡ್ ಬ್ರಿಡ್ಜ್‌ನಲ್ಲಿ ಅವರ ಮನೆಯ ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಳಕಲ್ ಸೀರೆ, ಅದೇ ಬಟ್ಟೆಯ ಮಾಸ್ಕು. ಪಕ್ಕದ ಸ್ಟೂಲಿನ ಮೇಲೆ ಪಾಸ್‌ಪೋರ್ಟು, ಅದರೊಳಗೆ ಟಿಕೆಟ್ಟಿನ ಹಾಳೆ, ಮೇಲೆ ಚಿಟಿಕೆ ಅರಿಸಿನ ಕುಂಕುಮ.

ದರ್ಶನ್ ನಕ್ಕು, "ಟಿಕೆಟ್ ನಾನ್ ತೆಗೀತೀನಿ ಅಂದ್ರೆ ಕೇಳ್ಲಿಲ್ಲ ಸಾರ್. ಒಂದೇ ಹಟ" ಎಂದರು.

"ಏನು ಕೇಳೋದು? ಗಂಡ ಇದ್ದಾಗ ಗಂಡನ ಕೈ ನೋಡಿದೆ. ಆಮೇಲೆ ಮಗನ ಕೈ. ನನ್ನ ದುಡ್ಡಲ್ಲಿ ನಾನು ಬಸ್ಸು ಹತ್ತಿದೋಳಲ್ಲ. ಈಗ ನೋಡು, ವಿಮಾನಾನೇ ಹತ್ತುತಾ ಇದೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಾ ಮೂರ್ತಿ. ಆ ಪಾಸ್‌ಪೋರ್ಟ್ ಎತ್ತಿ ನಿನ್ನ ಕೈಯಾರೆ ಕೊಡು. ಕೊಟ್ಟ ಕೈ ಒಳ್ಳೇದಾದ್ರೆ ಪ್ರಯಾಣ ಸುಖ" ಎಂದರು.

ಎತ್ತಿದೆ. ಎತ್ತುವಾಗ ಓರೆಯಾಗಿ ಕುಂಕುಮ ಚೆಲ್ಲಿತು. ಅವರು ಸೆರಗೊಡ್ಡಿ ಪಾಸ್‌ಪೋರ್ಟ್ ತೆಗೆದುಕೊಂಡು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಮೂರು ತಿಂಗಳಿಂದ ಯಾರೂ ಯಾರನ್ನೂ ಮುಟ್ಟಿಲ್ಲದ ಊರಿನಲ್ಲಿ, ಎಂಬತ್ತೆರಡರ ಮುದುಕಿ ಧೈರ್ಯ ಮಾಡಿ ಮುಟ್ಟಿದ್ದು ನನ್ನ ಕೈಯನ್ನು.

ಬಾಯಿಯವರೆಗೆ ಬಂತು. ಹೇಳಲಿಲ್ಲ. ಇಷ್ಟು ಸಂತೋಷದಲ್ಲಿ ಹೊರಟವರಿಗೆ ಯಾಕೆ ಹೇಳಬೇಕು ಎಂದುಕೊಂಡೆ.

ಮನೆಗೆ ಬಂದು ಕೈ ತೊಳೆದೆ. ರೂಲ್ಸಿನ ಪ್ರಕಾರ ಇಪ್ಪತ್ತು ಸೆಕೆಂಡು. ಎರಡು ಸಲ. ನಾಚಿಕೆಯಾಗುತ್ತಿದೆ. ಇದಕ್ಕಿಂತ ಬೇರೆ ಪದ ನನಗೆ ಗೊತ್ತಿಲ್ಲ.

ಜೂನ್ 9, ಮಂಗಳವಾರ

ಈದ್ ದಿನ ರಾಜಿ ಹೇಳಿದ್ದು ನಿಜ.

ಇನ್ನೂ ಒಂದಿದೆ. ಫಾರಂ ತುಂಬುವ ರಗಳೆಗಾಗಿ ಆ ಐದು ಹೆಸರು ಬರೆಯಲಿಲ್ಲ. ಫಾರಂ ಎಂದರೆ ನನಗೆ ಹಬ್ಬ. ಮುನ್ನೂರಕ್ಕೆ ಮುನ್ನೂರು ಎಂದು ನೂರ ನಲವತ್ತು ಮನೆಯ ಮುಂದೆ ಹೇಳಬೇಕಿತ್ತು. ಅಷ್ಟೇ.

ಜೂನ್ 14, ಭಾನುವಾರ

ಹ್ಯಾರಿಸನ್‌ಗೆ ಹೋಗಿಬಂದೆ. ಫೋನಿನಲ್ಲಿ ಹೇಳಬಹುದಿತ್ತು. ಅದೂ ಒಂದು ಸಡಿಲಿಕೆಯೇ ಆಗುತ್ತಿತ್ತು.

ಅವರ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಇಸಾಕ್ ವ್ಯಾನು ತೊಳೆಯುತ್ತಿದ್ದರು. ಬಾಗಿಲಿನ ಮೇಲಿನ 'ಮೈಸೂರು ಸೌಂಡ್ಸ್' ಎಂಬ ಬರಹದ ಮೇಲೆ ದಿನಸಿ ಕಂಪನಿಯ ಕಾಗದ ಅಂಟಿಸಿದ್ದರು. ಆಚೆ ಹಳಿಯ ಮೇಲೆ ರೈಲೊಂದು ಖಾಲಿ ಸೀಟುಗಳನ್ನು ಹೊತ್ತು ನ್ಯೂಯಾರ್ಕಿನ ಕಡೆ ಹೋಯಿತು.

ಚೀಟಿಯನ್ನು ವ್ಯಾನಿನ ಬಾನೆಟ್ ಮೇಲಿಟ್ಟು ಆರಡಿ ಹಿಂದೆ ಸರಿದು ನಿಂತೆ. ಎಲ್ಲ ಹೇಳಿದೆ. ಐದು ಹೆಸರು, ಹೆಬ್ಬೆರಳು, ಟೌನ್‌ಶಿಪ್‌ನ ಸಹಿ, ಮುನ್ನೂರಕ್ಕೆ ಮುನ್ನೂರು. ಹೇಳುವಾಗ ಮಾಸ್ಕು ಮೂಗಿನಿಂದ ಜಾರಿತ್ತು.

"ಮಾಸ್ಕ್ ಮೇಲೆ ಎಳ್ಕೊಳ್ಳಿ ಸಾರ್" ಎಂದರು. ಚೀಟಿಯನ್ನು ಎತ್ತಿಕೊಳ್ಳಲಿಲ್ಲ, ಬಗ್ಗಿ ಓದಿದರು. ನಲ್ಲಿ ನಿಲ್ಲಿಸಿ ಬಂದರು. "ಯಾರಿಗೂ ಹೇಳ್ಬೇಡ ಅಂತ ಕೇಳಕ್ ಬಂದ್ರಾ, ಎಲ್ಲರಿಗೂ ಹೇಳ್ತೀನಿ ಅನ್ನಕ್ ಬಂದ್ರಾ?"

ನನಗೇ ಗೊತ್ತಿರಲಿಲ್ಲ.

"ನನ್ನ ಮರ್ಯಾದೆ ಉಳಿಸಿದೆ ಅಂದ್ಕೊಂಡ್ರಾ?"

"ಮೊದಲು ಹಾಗಂದ್ಕೊಂಡಿದ್ದೆ."

ಇಸಾಕ್ ಬಕೆಟ್ ಮಗುಚಿಹಾಕಿ ಅದರ ಮೇಲೆ ಕೂತರು. ದನಿ ಏರಲಿಲ್ಲ. ಜೀವನವೆಲ್ಲ ಬೇರೆಯವರ ದನಿ ಏರಿಸಿದವರು.

"ಸಾರ್, ಅವತ್ತು ನನ್ನ ಹತ್ರ ಬಾಡಿಗೆಗೆ ದುಡ್ಡಿರಲಿಲ್ಲ. ನನ್ನ ಹೆಸರು ಓದಿದ್ರೆ ನಂಗೆ ಆಸೆ ಆಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ? ಮೂರು ಸಾವಿರ ಡಾಲರ್! ಆದ್ರೂ ಮೈಕ್ ಆನ್ ಮಾಡಿ, ಎಲ್ಲರ ಮುಂದೆ, ನನಗೆ ಬೇಡ ಅಂತಿದ್ದೆ. ಉಪವಾಸದ ತಿಂಗಳಲ್ಲಿ, ಜೇಬು ಖಾಲಿ ಇಟ್ಕೊಂಡು, ಬೇಡ ಅನ್ನೋದು... ಅದು ನಂದು ಸಾರ್. ದುಡ್ಡಲ್ಲ, ಆ 'ಬೇಡ' ನಂದು. ಅದನ್ನ ನೀವ್ ತಗೊಂಡ್ರಿ."

ಮೇಲೆ ಎರಡನೇ ಅಂತಸ್ತಿನ ಬಾಲ್ಕನಿಯಿಂದ ಜಕಿಯಾ, "ಯಾರ್ರೀ ಅದು? ಮೂರ್ತಿ ಸಾರಾ? ಚಾ ಕಳಿಸ್ಲಾ?" ಎಂದು ಕೇಳಿದರು.

"ಅವರು ಹೊರಟ್ರು" ಎಂದು ಇಸಾಕ್ ಕೂಗಿ ಹೇಳಿದರು.

ಹೊರಟೆ.

ಜೂನ್ 21, ಭಾನುವಾರ

ಊರಲ್ಲಿ ಇವತ್ತು ಗ್ರಹಣವಂತೆ. "ಇವತ್ತು ಬೇಡ, ಮುಂದಿನ ವಾರ ಹೇಳಿ" ಎಂದು ರಾಜಿ ಹೇಳಿಯಾಳೆಂದು ಕಾದೆ. ಅವಳು ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, "ಈ ಸಲ ಹಿಡ್ಕೊಳ್ಳಲ್ಲ, ಒಬ್ಬರೇ ಕೂತ್ಕೊಳ್ಳಿ" ಎಂದಳು.

ಬಳಗದ ಸರ್ವಸದಸ್ಯರ ಸಭೆ. ಕೈಗುಣದ ಮೂರ್ತಿಯಿಂದ ಎರಡನೇ ರಾಫಲ್ ಎತ್ತಿಸುವ ವಿಷಯ ಶ್ರೀಹರ್ಷನ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಅದಕ್ಕೂ ಮುಂಚೆ ನನಗೆ ಐದು ನಿಮಿಷ ಬೇಕೆಂದೆ. ಬರೆದುಕೊಂಡಿದ್ದೆ. ಬಿಡದೆ ಎಲ್ಲ ಓದಿದೆ, ಇಸಾಕ್ ಅವರ ಚೀಟಿಯನ್ನು ಕ್ಯಾಮೆರಾಗೆ ಹಿಡಿದೆ. ಬೆರಳು ಅಂಚಿನಲ್ಲಿತ್ತು.

ಯಾರ ಮನೆಯದೋ ಕುಕ್ಕರ್ ಎರಡು ಸಲ ಕೂಗಿತು. ಶ್ರೀಹರ್ಷ ತಡವರಿಸಿ, "ಅಂಕಲ್, ಇದನ್ನ ನಾವು ಆಮೇಲೆ ಕಮಿಟಿಯಲ್ಲಿ ಡಿಸ್ಕಸ್ ಮಾಡೋಣ" ಎಂದ. ಆಗ ಚಾಟ್‌ನಲ್ಲಿ ಸಾಲುಸಾಲಾಗಿ ಬರತೊಡಗಿತು. ಪರವಾಗಿಲ್ಲ ಅಂಕಲ್. ನಿಮ್ಮ ಮನಸ್ಸು ದೊಡ್ಡದು. ಒಳ್ಳೇ ಉದ್ದೇಶ ಅಲ್ವಾ! ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಇಸಾಕ್ ಅವರ ಚೌಕಕ್ಕೆ, ಮಾತಾಡುವವರಿಗೆ ಬರುವ ಹಳದಿ ಅಂಚು ಬಂತು.

"ಎಲ್ಲರಿಗೂ ನಮಸ್ಕಾರ. ಆ ಚೀಟಿ ನಾನು ತಗೊಂಡಿಲ್ಲ. ನಾನು ಕೊಟ್ಟಿದ್ದು ಊಟಕ್ಕೆ. ಬಹುಮಾನದ ದುಡ್ಡು ನನಗೆ ಬೇಡ. ಅಷ್ಟೇ. ಶ್ರೀಹರ್ಷ, ನಿಮ್ಮ ಮೈಕ್‌ನಲ್ಲಿ ಎಕೋ ಬರ್ತಿದೆ, ಸ್ಪೀಕರ್ ಕಮ್ಮಿ ಮಾಡಿ."

ಆಮೇಲೆ ತೀರ್ಮಾನಗಳಾದವು. ಟೌನ್‌ಶಿಪ್‌ಗೆ ನಿಜ ಬರೆದು ಕಳಿಸುವುದು. ಬಹುಮಾನದಷ್ಟು ಹಣವನ್ನು ನಾನು ಕಟ್ಟುವುದು, ಟೌನ್‌ಶಿಪ್ ಒಪ್ಪಿದರೆ ಮೂವರು ಸೇರಿ ಮತ್ತೆ ಚೀಟಿ ಎತ್ತುವುದು. ಆ ಮೂವರಲ್ಲಿ ನಾನಿಲ್ಲ. ಲಕ್ಷ್ಮಮ್ಮನವರಿಂದ ಏನೂ ವಾಪಸ್ ಕೇಳುವುದಿಲ್ಲ. ಅವರು ಬೆಂಗಳೂರಿನ ಹೋಟೆಲೊಂದರಲ್ಲಿ ಕ್ವಾರಂಟೈನ್‌ನಲ್ಲಿದ್ದಾರೆ. ಒಬ್ಬರೇ ಇದ್ದಾರೆ, ವಯಸ್ಸಾದವರು, ಮಂಡ್ಯ ಸೇರಿದ ಮೇಲೆ ನಿಧಾನವಾಗಿ ನಾನೇ ಹೇಳುತ್ತೇನೆ ಎಂದೆ. ಎಲ್ಲರೂ ಅದೇ ಸರಿ ಎಂದರು.

ಸಂಜೆ ರಾಜಿ ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಬಹಳ ದಿನದ ಮೇಲೆ.

ಜೂನ್ 28, ಭಾನುವಾರ

ಬೆಳಗ್ಗೆ ಎಂಟಕ್ಕೆ ಫೋನು. ಲಕ್ಷ್ಮಮ್ಮ. ಮಂಡ್ಯದಿಂದ. ಕಾಫಿ ಆಯ್ತಾ ಎಂದು ಕೇಳಲಿಲ್ಲ.

"ಮೂರ್ತಿ, ವಾಟ್ಸಾಪಲ್ಲಿ ನೋಡ್ದೆ" ಎಂದರು. "ಹೋಟೆಲಲ್ಲಿದ್ದಾಗಲೇ ನೋಡ್ದೆ. ನೀನು ಹೇಳ್ತೀಯ ಅಂತ ಏಳು ದಿನ ಕಾದೆ."

"ಅಮ್ಮ, ನೀವು ಒಬ್ಬರೇ ಇದ್ರಿ, ಮನಸ್ಸಿಗೆ ಹಚ್ಕೋತೀರಿ ಅಂತ..."

"ನನ್ನ ದುಡ್ಡಲ್ಲಿ ಬಂದೆ ಅಂತ ಬೀದಿಗೆಲ್ಲ ಹೇಳ್ಕೊಂಡಿದೀನಿ. ಹೋಟೆಲಿಗೆ ಬಂದ ದಿನವೇ ಎಲ್ಲರಿಗೂ ಫೋನ್ ಮಾಡಿ ಹೇಳ್ದೆ. ಈಗ ಮನೆಮನೆಗೂ ಹೋಗಿ, ಅಲ್ಲ ಅಂತ ಹೇಳ್ಲಾ?"

ನಾನು ತಪ್ಪಾಯಿತು ಎಂದೆ. ಇನ್ನೇನು ಹೇಳಿದೆನೋ ನೆನಪಿಲ್ಲ. ದುಡ್ಡಿನ ವಿಷಯ ಮುಗಿದಿದೆ, ನಾನು ಕಟ್ಟಿದ್ದೇನೆ, ನಿಮಗೆ ಬಂದದ್ದು ನಿಮಗೇ ಎಂದೆ. ಅವರು ಪೂರ್ತಿ ಕೇಳಲಿಲ್ಲ.

"ಆ ಸಾಬರಿಗೆ, ಎಲ್ಲರ ಮುಂದೆ ಬೇಡ ಅನ್ನಕ್ಕೆ ಬಿಟ್ಯಂತೆ. ಒಳ್ಳೇದು. ನನಗೂ ಬಿಡಬೇಕಿತ್ತು ಮೂರ್ತಿ. ನನ್ನನ್ನ ಯಾರೂ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಆ ಕಡೆ ಕಾಗೆಯೊಂದು ಕೂಗುತ್ತಿತ್ತು. ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ದರ್ಶನ್‌ಗೆ ಹೇಳಿದೀನಿ, ನಿನ್ನ ದುಡ್ಡು ನಿನಗೆ ಬರತ್ತೆ. ಮಗನ ದುಡ್ಡಲ್ಲೇ ಬಂದ ಹಾಗಾಯ್ತು, ಆಗ್ಲಿ. ಅದಿರ್ಲಿ, ಅವರ ಫೋನ್ ನಂಬರ್ ಕೊಡು. ಇಸಾಕ್ ಅವರದ್ದು. ಅವರ ಹತ್ರ ಎರಡು ಮಾತಾಡಬೇಕು. ಬರ್ಕೋತೀನಿ, ಓದು."

ಕನ್ನಡಕ ಹಾಕಿಕೊಂಡು, ನಂಬರು ತೆಗೆದು ಓದಿದೆ. ಅವರು ಬರೆದುಕೊಂಡು, ನನ್ನ ಮೇಲೆ ನಂಬಿಕೆಯಿಲ್ಲದವರಂತೆ, ಮತ್ತೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ. ಹತ್ತೂ ಅಂಕಿ, ಒಂದೊಂದಾಗಿ, ಇದ್ದದ್ದು ಇದ್ದ ಹಾಗೆ.